ಕಿಬ್ಬೊಟ್ಟೆಯ ದೀರ್ಘಕಾಲದ ನೋವು: ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯ ಇತಿಹಾಸ

ಹೊಕ್ಕುಳಿನ ಕೆಳಗೆ, ವಸ್ತಿಕುಹರದ ಸುತ್ತಮುತ್ತ ಆರು ತಿಂಗಳಿಗೂ ಹೆಚ್ಚು ಕಾಲ ಬಿಡದೆ ಕಾಡುವ ಅಥವಾ ಬಂದು ಹೋಗುತ್ತಿರುವ ನೋವಿಗೆ ಕಿಬ್ಬೊಟ್ಟೆಯ ದೀರ್ಘಕಾಲದ ನೋವು ಎಂದು ಹೆಸರು. ಹೆಂಗಸರಲ್ಲಿ ಹೆಚ್ಚು. ಗಂಡಸರಲ್ಲಿ ಇದನ್ನು ಬಹುಕಾಲ ಪ್ರಾಸ್ಟೇಟ್ ಗ್ರಂಥಿಯ ಸೋಂಕೆಂದೇ ಬಗೆದು ಆಂಟಿಬಯೋಟಿಕ್ ಕೊಡುತ್ತಿದ್ದರು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವುದು), ಮೂತ್ರಕೋಶದ ಉರಿ, ಕರುಳಿನ ತೊಂದರೆ, ಬಿಗಿದ ಸ್ನಾಯು, ಕೆರಳಿದ ನರ ಹೀಗೆ ಕಾರಣಗಳು ಹಲವು. ಒಬ್ಬರಲ್ಲೇ ಎರಡು ಮೂರು ಕೂಡಿರುವುದುಂಟು. ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವ ಲ್ಯಾಪರೊಸ್ಕೋಪಿ ಮಾಡಿದರೂ ಏನೂ ಕಾಣದೆ ಹೋಗಬಹುದು. ಹಾಗೆಂದು ನೋವು ಸುಳ್ಳಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ವೈದ್ಯಶಾಸ್ತ್ರ ನೂರು ವರ್ಷ ತೆಗೆದುಕೊಂಡಿತು.

ಹತ್ತೊಂಬತ್ತನೆಯ ಶತಮಾನದ ವೈದ್ಯರು ನೋವಿನ ಮೂಲವನ್ನು ಅಂಗದಲ್ಲೇ ಹುಡುಕಿದರು. ಅಮೆರಿಕದ ಜಾರ್ಜಿಯಾ ರಾಜ್ಯದ ರೋಮ್ ಎಂಬ ಪಟ್ಟಣದಲ್ಲಿ ರಾಬರ್ಟ್ ಬ್ಯಾಟಿ 1872ರಲ್ಲಿ ಮುಟ್ಟಿನ ತೊಂದರೆಯಿಂದ ನರಳುತ್ತಿದ್ದ ತರುಣಿಯೊಬ್ಬಳ ಅಂಡಾಶಯಗಳನ್ನು ತೆಗೆದುಹಾಕಿದ. ಅವನ ಹೆಸರಿನ ಈ ಶಸ್ತ್ರಕ್ರಿಯೆ ಯುರೋಪಿಗೂ ಹಬ್ಬಿ, ನೋವು, ಹಿಸ್ಟೀರಿಯಾ ಎಂದು ಬಂದ ಎಷ್ಟೋ ಹೆಂಗಸರು ಆರೋಗ್ಯವಾಗಿದ್ದ ಅಂಡಾಶಯಗಳನ್ನು ಕಳೆದುಕೊಂಡರು.

ಬೇರೆ ದಾರಿ ತೋರಿದವರಲ್ಲಿ ಮೊದಲಿಗರ ಪೈಕಿ ಒಬ್ಬ ಕ್ಯಾನ್ಸಾಸ್ ಸಿಟಿಯ ಗುದರೋಗ ತಜ್ಞ ಜಾರ್ಜ್ ಥೀಲ್. ಬಾಲಮೂಳೆಯ ನೋವೆಂದು ಬಂದವರನ್ನು ಗುದದ್ವಾರದ ಮೂಲಕ ಬೆರಳಿನಿಂದ ಪರೀಕ್ಷಿಸಿದಾಗ ಹಲವರಲ್ಲಿ ಮೂಳೆಗಿಂತ ಅದಕ್ಕಂಟಿದ ಸ್ನಾಯುಗಳೇ ಬಿಗಿದು, ಮುಟ್ಟಿದರೆ ನೋಯುತ್ತಿದ್ದುದು ಅವನ ಗಮನಕ್ಕೆ ಬಂತು. 1937ರಲ್ಲಿ ಅವನು ಪ್ರಕಟಿಸಿದ ವಿಧಾನ ಸರಳವಾದದ್ದು. ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುವ ಹಾಗೆ, ಸ್ನಾಯುವಿನ ಎಳೆಗಳ ಉದ್ದಕ್ಕೂ ಬೆರಳಿನಿಂದ ನೀವುವುದು. ಔಷಧವಿಲ್ಲ, ಕತ್ತರಿಯಿಲ್ಲ. ಇಂದಿನ ಫಿಸಿಯೋಥೆರಪಿಸ್ಟರು ವಸ್ತಿಕುಹರದ ತಳದ ಸ್ನಾಯುಗಳಿಗೆ ಕೊಡುವ ಚಿಕಿತ್ಸೆಗೆ ಇದೂ ಒಂದು ಬುನಾದಿ.

ಇದಕ್ಕಿಂತ ಹೆಚ್ಚು ಜನಪ್ರಿಯವಾದದ್ದು ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ. ಹೆರಿಗೆಯ ನಂತರ ಸಡಿಲವಾದ ಸ್ನಾಯುಗಳನ್ನು ಬಿಗಿಗೊಳಿಸಿ, ಮೂತ್ರ ಸೋರುವುದನ್ನು ತಡೆಯುವುದು ಅದರ ಉದ್ದೇಶ. ಮೊದಲೇ ಬಿಗಿದ ಸ್ನಾಯುವಿನಿಂದ ನರಳುವವರು ಇದನ್ನೇ ಮಾಡಿದರೆ ನೋವು ಹೆಚ್ಚಬಹುದು; ಅವರು ಕಲಿಯಬೇಕಾದದ್ದು ಸ್ನಾಯುವನ್ನು ಸಡಿಲಬಿಡುವುದನ್ನು. ಈ ವ್ಯತ್ಯಾಸ ತಿಳಿಸದೆ ಎಲ್ಲರಿಗೂ ಕೆಗೆಲ್ ಹೇಳಿಕೊಡುವ ರೂಢಿ ಇಂದಿಗೂ ಇರುವುದು ಖೇದಕರ.

ಈ ನಡುವೆ ನೋವಿನ ಕಲ್ಪನೆಯೇ ಬದಲಾಯಿತು. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ, ನೋವಿನ ಸಂಕೇತಗಳನ್ನು ಬೆನ್ನುಹುರಿ ತಗ್ಗಿಸಲೂ ಹೆಚ್ಚಿಸಲೂ ಬಲ್ಲದೆಂಬ ಸಿದ್ಧಾಂತ ಮುಂದಿಟ್ಟರು. ದೀರ್ಘಕಾಲ ಕೆರಳಿದ ನರಮಂಡಲ ಸಣ್ಣ ಸ್ಪರ್ಶವನ್ನೂ ನೋವಾಗಿ ಗ್ರಹಿಸುವ ಬಗೆಯನ್ನು ಕ್ಲಿಫರ್ಡ್ ವುಲ್ಫ್ 1983ರ ಪ್ರಯೋಗಗಳಿಂದ ವಿವರಿಸಿದ. ಮೂಲ ಗಾಯ ಮಾಯ್ದ ಮೇಲೂ ಯಾತನೆ ಏಕೆ ಉಳಿಯುತ್ತದೆಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು.

ಈ ಹೊಸ ನೋಟದ ಫಲವನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನಗಳಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ನಿನದು ಮುಖ್ಯ. 1991ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 106 ಮಹಿಳೆಯರಿದ್ದರು. ಒಂದು ಗುಂಪಿಗೆ ಎಂದಿನಂತೆ ಮೊದಲು ದೈಹಿಕ ಕಾರಣಗಳ ಶೋಧ, ಲ್ಯಾಪರೊಸ್ಕೋಪಿ. ಇನ್ನೊಂದು ಗುಂಪಿನಲ್ಲಿ ದೇಹ, ಮನಸ್ಸು, ಆಹಾರ, ಸುತ್ತಲಿನ ಬದುಕು, ಫಿಸಿಯೋಥೆರಪಿ ಎಲ್ಲಕ್ಕೂ ಆರಂಭದಿಂದಲೇ ಸಮಾನ ಗಮನ. ಹೆಚ್ಚು ಮಂದಿಗೆ ನೋವು ತಗ್ಗಿದ್ದು ಎರಡನೆಯ ಗುಂಪಿನಲ್ಲಿ. ಮುಂದೆ, ಮೂತ್ರಕೋಶದ ನೋವಿದ್ದ 81 ಮಹಿಳೆಯರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಸ್ತಿಕುಹರದ ಸ್ನಾಯುಗಳಿಗೆ ಚಿಕಿತ್ಸೆ ಪಡೆದವರ ಪೈಕಿ ಶೇ. 59 ಮಂದಿಗೆ ಗುಣ ಕಂಡಿತು. ಮೈಗೆ ಸಾಧಾರಣ ಮಸಾಜ್ ಪಡೆದವರಲ್ಲಿ ಶೇ. 26. ಔಷಧಗಳ ಕತೆ ಇಷ್ಟು ಆಶಾದಾಯಕವಲ್ಲ. ವ್ಯಾಪಕವಾಗಿ ಬರೆದುಕೊಡುತ್ತಿದ್ದ ಗ್ಯಾಬಪೆಂಟಿನ್ ಮಾತ್ರೆ, ಲ್ಯಾಪರೊಸ್ಕೋಪಿಯಲ್ಲಿ ಕಾರಣ ಕಾಣದ 306 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಮೇಲಾಗಲಿಲ್ಲವೆಂದು 2020ರಲ್ಲಿ ವರದಿಯಾಯಿತು.

ಭಾರತದಲ್ಲಿ ಈ ತಿಳಿವಳಿಕೆ ಹಳ್ಳಿಗೆ ಇಳಿದದ್ದು ಕಡಿಮೆ. ದೆಹಲಿಯ ಸಂಶೋಧಕರು ಈ ನೋವಿದ್ದ 60 ಮಹಿಳೆಯರಲ್ಲಿ ನೋವಿನ ಮಾತ್ರೆಯೊಂದಿಗೆ ಎಂಟು ವಾರ ಆಸನ, ಪ್ರಾಣಾಯಾಮ, ವಿಶ್ರಾಂತಿಯ ಅಭ್ಯಾಸವನ್ನು ಪರೀಕ್ಷಿಸಿ, ಮಾತ್ರೆಯನ್ನಷ್ಟೇ ಪಡೆದವರಿಗಿಂತ ಹೆಚ್ಚು ನೆಮ್ಮದಿ ಸಿಕ್ಕಿತೆಂದು 2017ರಲ್ಲಿ ಬರೆದರು. ಅತ್ತ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಕಿಬ್ಬೊಟ್ಟೆ ನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದ ಹೆಂಗಸರ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2010ರ ದಶಕದಲ್ಲಿ ಬೆಳಕಿಗೆ ಬಂದವು. ಅವರಲ್ಲಿ ನಲವತ್ತು ದಾಟದವರೂ ಅನೇಕರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು.