ಚಾಟ್ ಕಿಟಕಿಯೊಳಗಿನ ಗೆಳೆತನ: ಒಂದು ವಿಡಿಯೋ ಗೇಮ್ ಮತ್ತು ಬಾಗಲಕೋಟೆ ಸೀಮೆಯ ಸಂದೇಶ ಚರಿತ್ರೆ

ಪೀಠಿಕೆ

2015ರ ನವೆಂಬರ್‌ನಲ್ಲಿ ಕೈಲ್ ಸೀಲಿ ಎಂಬ ಅಮೆರಿಕದ ವಿನ್ಯಾಸಕಾರ ‘ಎಮಿಲಿ ಈಸ್ ಅವೇ’ ಎಂಬ ಪುಟ್ಟ ಆಟವನ್ನು ಉಚಿತವಾಗಿ ಹೊರತಂದರು. ಅದರಲ್ಲಿ ಓಡಾಟವಿಲ್ಲ, ಹೊಡೆದಾಟವಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಪರದೆ, ಅದರ ಮೇಲೊಂದು ಚಾಟ್ ಕಿಟಕಿ. ಆಚೆ ಎಮಿಲಿ, ಈಚೆ ಆಡುವವರು. 2002ರಿಂದ 2006ರವರೆಗೆ ವರ್ಷಕ್ಕೊಂದರಂತೆ ಐದು ಅಧ್ಯಾಯ. ಶಾಲೆಯ ಗೆಳೆತನವೊಂದು ಕಾಲೇಜಿನ ದಿನಗಳಲ್ಲಿ ಹೇಗೆ ಸವೆಯುತ್ತ ಹೋಯಿತು ಎಂಬುದಷ್ಟೇ ಕಥೆ. ಬಾಗಲಕೋಟೆಯ ಓದುಗರಿಗೆ ಈ ಕಾಲಮಾನ ಪರಿಚಿತ. ಜಲಾಶಯದ ಹಿನ್ನೀರಿನಿಂದ ಮುಳುಗಡೆಯಾದ ಓಣಿಗಳಿಂದ ಎದ್ದು ಜನ ನವನಗರ ಎಂಬ ಹೊಸ ಊರಿನಲ್ಲಿ ನೆಲೆಯೂರಿದ ದಶಕವೂ ಅದೇ. ಚಾಟ್‌ನ ಮಾತುಗಳು ಹರಟೆಯಷ್ಟೇ ಅಲ್ಲ, ಗೆಳೆತನದ ಚರಿತ್ರೆಗೆ ಆಕರ ಎಂಬುದು ಈ ಲೇಖನದ ವಾದ.

ಅಳಿಸಿದ ಮಾತು

ಟೈಪು ಮಾಡಿ ಸಂಭಾಷಿಸುವ ಗಣಕಕ್ಕೆ ಹಳೆಯ ಉದಾಹರಣೆ 1966ರ ‘ಎಲೈಜಾ’, ರೂಪಿಸಿದವರು ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್. ಅಲ್ಲಿ ಯಂತ್ರ ಮನೋವೈದ್ಯನಂತೆ ಪ್ರಶ್ನೆ ಕೇಳುತ್ತಿತ್ತು. ಸೀಲಿಯವರ ಆಟದಲ್ಲಿ ಅದು ಗೆಳತಿಯಾಗಿ ಮಾತಾಡುತ್ತದೆ. ಆಡುವವರು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಆಮೇಲೆ ಯಾವ ಕೀಲಿ ಒತ್ತಿದರೂ ಆ ಉತ್ತರವೇ ಅಕ್ಷರ ಅಕ್ಷರವಾಗಿ ಮೂಡುತ್ತದೆ. ಕೊನೆಯ ಅಧ್ಯಾಯಗಳಲ್ಲಿ ಮನಸ್ಸಿನ ಮಾತು ಅರ್ಧ ಮೂಡಿ ತಾನಾಗಿಯೇ ಅಳಿಸಿಹೋಗುತ್ತದೆ. ಅದರ ಜಾಗದಲ್ಲಿ ಒಣ ಉತ್ತರವೊಂದು ಬಂದು ಕೂರುತ್ತದೆ. ಬೆರಳು ನಮ್ಮದೇ, ತಡೆಯಲಾಗದು. ಅಂಚೆಯ ಪತ್ರ ಬರೆದದ್ದನ್ನು ಮಾತ್ರ ಉಳಿಸುತ್ತದೆ. ಬರೆದು ಅಳಿಸಿದ್ದೂ ಗೆಳೆತನದ ಭಾಗವೆಂದು ತೋರಿಸಿದ್ದು ಈ ಆಟದ ನಿಜವಾದ ಸಾಧನೆ.

ಓಣಿಯಿಂದ ಸೆಕ್ಟರಿಗೆ

ಇನ್ನು ನಮ್ಮ ಸೀಮೆಯ ಕಥೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿತು. 1997ರ ಅದೇ ದಿನ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾಯಿತು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯಲ್ಲಿ ಏರಿದಂತೆ ಹಳೆಯ ಊರಿನ ಭಾಗಗಳು ಖಾಲಿಯಾದವು. ಓಣಿಯ ಹೆಸರಿನಿಂದ ಗುರುತಾಗುತ್ತಿದ್ದ ಮನೆಗಳಿಗೆ ನವನಗರದಲ್ಲಿ ಸೆಕ್ಟರ್ ಸಂಖ್ಯೆಯ ವಿಳಾಸ ಬಂತು. ಸಂಜೆ ಒಂದೇ ಕಟ್ಟಿಯ ಮೇಲೆ ಕೂಡುತ್ತಿದ್ದ ಹುಡುಗರು ದೂರದೂರದ ಸೆಕ್ಟರುಗಳಿಗೆ, ಮುಂದೆ ಬೆಂಗಳೂರು, ಪುಣೆಗಳಿಗೆ ಚದುರಿದರು.

ಆ ಕಟ್ಟಿಯ ಜಾಗಕ್ಕೆ ಬಂದದ್ದು ಸೈಬರ್ ಕೆಫೆ. ಪ್ಲೈವುಡ್ಡಿನ ಅಡ್ಡಗೋಡೆ, ಅಕ್ಷರ ಸವೆದ ಕೀಬೋರ್ಡು, ಗಂಟೆಯ ಲೆಕ್ಕದ ಬಾಡಿಗೆ. 1998ರಲ್ಲಿ ಆರಂಭವಾದ ಯಾಹೂ ಮೆಸೆಂಜರಿನಲ್ಲಿ ಉತ್ತರ ತಡವಾದರೆ ‘ಬಜ್’ ಒತ್ತಬಹುದಿತ್ತು. ಎದುರಿನವರ ಕಿಟಕಿಯೇ ಗಡಗಡ ನಡುಗುತ್ತಿತ್ತು. 2004ರಲ್ಲಿ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಬಂತು.

ಕನ್ನಡ ಟೈಪು ಮಾಡುವ ತಂತ್ರಾಂಶಗಳಾದ 1998ರ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿ, ಮುದ್ರಣದ ಕೆಲಸಕ್ಕೆ ಒದಗಿದವು. ಚಾಟ್‌ನ ಕನ್ನಡ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ನಡೆಯಿತು. ಇದರಿಂದ ಒಂದು ಲಾಭವೂ ಆಯಿತು. ಪರೀಕ್ಷೆಯಲ್ಲಿ ‘ಊಟವಾಯಿತೇ’ ಎಂದು ಬರೆಯುವ ಹುಡುಗ ಇಲ್ಲಿ ‘ಊಟ ಆತೇನೋ’ ಎಂದೇ ಬರೆದ. ‘ಹೋಳಿಗೆ ಬರ್ತಿ ಇಲ್ಲೋ’ ಎಂದು ಕೇಳಿದ. ಶಾಲೆಯ ಪುಸ್ತಕದಲ್ಲಿ ಜಾಗ ಸಿಗದ ಈ ಸೀಮೆಯ ಆಡುನುಡಿ ಚಾಟ್‌ನಲ್ಲಿ ದಿನನಿತ್ಯದ ಬರವಣಿಗೆಯಾಯಿತು. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ.

ಆದರೆ ಈ ಚರಿತ್ರೆ ಎಲ್ಲರದ್ದಲ್ಲ. ಬಾದಾಮಿ, ಹುನಗುಂದ ತಾಲ್ಲೂಕುಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರ ಗೆಳೆತನವನ್ನು ಕಾಯಿನ್ ಬಾಕ್ಸ್ ಫೋನು ಹಿಡಿದಿಟ್ಟಿತು. ಚಾಟ್ ಮೊದಲಿಗೆ ಕಾಲೇಜು ಮೆಟ್ಟಿಲು ಹತ್ತಿದವರ ಸ್ವತ್ತಾಗಿತ್ತು. ಸ್ಮಾರ್ಟ್‌ಫೋನ್ ಬಂದ ಮೇಲಷ್ಟೇ ಅದು ಎಲ್ಲರ ಕೈಗೆ ಇಳಿಯಿತು. ಈಗ ಇಳಕಲ್ಲಿನ ಸೀರೆ ವ್ಯಾಪಾರಿಗಳೂ ದಡಿ, ಸೆರಗಿನ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ಉಳಿದದ್ದು, ಅಳಿದದ್ದು

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಸೀಲಿಯವರ ಆಟಕ್ಕೆ ಮಾದರಿಯಾದ ಎ.ಓ.ಎಲ್. ಇನ್‌ಸ್ಟಂಟ್ ಮೆಸೆಂಜರ್ 2017ರ ಡಿಸೆಂಬರ್ 15ರಂದು, ಯಾಹೂ ಮೆಸೆಂಜರ್ 2018ರ ಜುಲೈ 17ರಂದು ನಿಂತವು. ಕೆಫೆಯ ಯಂತ್ರದಲ್ಲಿ ಆಡಿದ ಮಾತು ಆಡಿದವರ ಕೈಗೂ ಉಳಿಯಲಿಲ್ಲ. ಆದರೆ ಇದೇ ಜಿಲ್ಲೆಯ ಬಾದಾಮಿಯಲ್ಲಿ, ಸುಮಾರು ಕ್ರಿ.ಶ. 700ರ ಹೊತ್ತಿಗೆ ಬಂಡೆಯ ಮೇಲೆ ಕೊರೆದ ಕಪ್ಪೆ ಅರಭಟ್ಟನ ಶಾಸನ, ಒಬ್ಬ ಮನುಷ್ಯ ಯಾರೊಡನೆ ಹೇಗೆ ನಡೆದುಕೊಳ್ಳುತ್ತಿದ್ದ ಎಂಬುದನ್ನು ಇಂದಿಗೂ ಹೇಳುತ್ತಿದೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಸ್ವಭಾವ ನಮಗೆ ತಿಳಿಯುತ್ತದೆ, ಇಪ್ಪತ್ತು ವರ್ಷದ ಹಿಂದಿನ ಗೆಳೆತನ ತಿಳಿಯುವುದಿಲ್ಲ.

ಊರು ಮುಳುಗಿದಾಗ ಸರ್ಕಾರ ಮನೆಗಳನ್ನು ಎಣಿಸಿ ಪರಿಹಾರ ಕೊಟ್ಟಿತು. ಮಾತುಗಳ ಲೆಕ್ಕ ಇಡುವ ಹೊಣೆ ನಮ್ಮದು. ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಈ ಕೆಲಸಕ್ಕೆ ಕೈಹಾಕಬೇಕು. ಹಳೆಯ ಇಮೇಲ್, ಮುದ್ರಿಸಿಟ್ಟ ಚಾಟ್, ಇನ್‌ಲ್ಯಾಂಡ್ ಪತ್ರ ಯಾರ ಬಳಿ ಉಳಿದಿದ್ದರೂ ದಯವಿಟ್ಟು ಅಳಿಸಬೇಡಿ, ಎಸೆಯಬೇಡಿ. ಬರೆದವರ ಒಪ್ಪಿಗೆ ಪಡೆದು ಸಂಗ್ರಹಕ್ಕೆ ಕೊಡಿ.