ಕಡಲಿಲ್ಲದ ಊರಿನ ಕಡಲು

ಖುಲ್ತಾಬಾದ್ ಎಲ್ಲೋರದ ಗುಹೆಗಳ ಪಕ್ಕದ ಗುಡ್ಡದ ಮೇಲಿನ ಊರು. ಸಮುದ್ರ ಇಲ್ಲಿಗೆ ಸಹ್ಯಾದ್ರಿಯಾಚೆಯ ಮಾತು. ಕೆಳಗೆ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ ಕೈಲಾಸ ದೇವಾಲಯದಲ್ಲಿ ಗಂಗೆ, ಯಮುನೆ, ಸರಸ್ವತಿಯರು ಕಲ್ಲಾಗಿ ನಿಂತಿದ್ದಾರೆ. ಈ ನಾಡು ಪಾವನ ಜಲವನ್ನು ನದಿಯ ರೂಪದಲ್ಲೇ ಕಂಡಿತು.

ಆದರೂ ಇಲ್ಲಿನ ಗೋರಿಗಳಲ್ಲೊಂದು ಕಡಲು ದಾಟಿ ಬಂದವರದು. 1704ರಲ್ಲಿ ಹುಟ್ಟಿದ ಗುಲಾಮ್ ಅಲಿ ಆಜಾದ್ ಬಿಲ್ಗ್ರಾಮಿ 1730ರ ದಶಕದ ಕೊನೆಗೆ ಸೂರತ್ತಿನಲ್ಲಿ ಹಡಗು ಹತ್ತಿ ಹಜ್ ಯಾತ್ರೆಗೆ ಹೋದರು, ಮರಳಿ ಔರಂಗಾಬಾದಿನಲ್ಲಿ ನೆಲೆಸಿದರು. ಅರಬ್ಬಿಯಲ್ಲಿ ಅವರು ಬರೆದ ಗ್ರಂಥದ ಹೆಸರು ‘ಸುಬ್ಹತ್ ಅಲ್-ಮರ್ಜಾನ್’, ಅಂದರೆ ಹವಳದ ಜಪಮಾಲೆ. ಆದಮರು ಸ್ವರ್ಗದಿಂದ ಮೊದಲು ಇಳಿದದ್ದು ಸಿಂಹಳಕ್ಕೆ, ಆದ್ದರಿಂದ ಈ ಕಡೆಯ ನೆಲವೂ ಪುಣ್ಯಭೂಮಿಯೇ ಎಂಬುದು ಅದರ ವಾದ. ಪುಣ್ಯಭೂಮಿ ನೋಡಲು ಕಡಲು ದಾಟಿದವರು ಬಂದು ಹೇಳಿದ ಮಾತಿದು!

ಅದೇ ಹಡಗನ್ನು ಒಬ್ಬ ಶಾಸ್ತ್ರಿ ಹತ್ತಿದ್ದರೆ ಊರಿಗೆ ಮರಳಿದಾಗ ಪ್ರಾಯಶ್ಚಿತ್ತ ಕಾದಿರುತ್ತಿತ್ತು. ಬೌಧಾಯನ ಧರ್ಮಸೂತ್ರ ಪತಿತನಾಗಿಸುವ ಕೃತ್ಯಗಳಲ್ಲಿ ಸಮುದ್ರಯಾನವನ್ನೇ ಮೊದಲು ಹೇಳುತ್ತದೆ. (ಅದೇ ಗ್ರಂಥ ಇದನ್ನು ಉತ್ತರದವರ ರೂಢಿ ಎಂದೂ ಎಣಿಸುತ್ತದೆ, ದಕ್ಷಿಣದವರು ಕೊಂಚ ಬೀಗಬಹುದು.) ಇತ್ತ ಗೋಕರ್ಣದಲ್ಲೂ ಸೇತುವಿನಲ್ಲೂ ಸಮುದ್ರಸ್ನಾನ ಪಾಪ ತೊಳೆಯುತ್ತದೆ. ಅದಕ್ಕೂ ಕಟ್ಟಳೆಯುಂಟು: ಅಶ್ವತ್ಥವನ್ನು ಶನಿವಾರ, ಕಡಲನ್ನು ಪರ್ವಕಾಲದಲ್ಲಿ ಮಾತ್ರ ಮುಟ್ಟಬೇಕು. ಮೀಯುವವನಿಗೆ ಶುದ್ಧಿ, ದಾಟುವವನಿಗೆ ಮೈಲಿಗೆ. ನೀರು ಒಂದೇ ಆಗಿರುವಾಗ ಭಯವಿದ್ದದ್ದು ನೀರಿನದಲ್ಲ, ಆಚೆ ದಡದ ಜನರದು ಎಂದೇ ಅನ್ನಬೇಕಾಗುತ್ತದೆ.

ಇಸ್ಲಾಮಿನ ನ್ಯಾಯಶಾಸ್ತ್ರ ಹಿಡಿದದ್ದು ಬೇರೆ ದಾರಿ. ಕುಡಿಯುವ ನೀರು ಕಡಿಮೆ, ನಮಾಜಿಗೆ ಮೊದಲು ಕೈಕಾಲು ತೊಳೆಯಲು ಸಮುದ್ರದ ನೀರು ಬಳಸಬಹುದೇ ಎಂದು ಯಾನಿಗಳು ಪ್ರವಾದಿಯವರನ್ನು ಕೇಳಿದಾಗ, ಅದು ಶುದ್ಧಿಕಾರಕವೆಂದೇ ಉತ್ತರ ಬಂದದ್ದಾಗಿ ಹದೀಸಿದೆ. ಮುಂದೆ ಪಂಡಿತರು ಅಳತೆಗೇ ಇಳಿದರು. ಹನಫಿಗಳಲ್ಲಿ ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳ ದೊಡ್ಡ ನೀರು. ಅದಕ್ಕೆ ಹೊಲಸು ಬಿದ್ದರೂ ಬಣ್ಣ, ರುಚಿ, ವಾಸನೆ ಕೆಡದಿದ್ದರೆ ನೀರು ಕೆಟ್ಟಿಲ್ಲ. ಔರಂಗಜೇಬ ಸಂಕಲನ ಮಾಡಿಸಿದ ‘ಫತಾವಾ-ಎ-ಆಲಂಗೀರಿ’ಯ ಮೊದಲ ಭಾಗವೇ ಶುದ್ಧಿಯ ಕುರಿತದ್ದು. 1707ರಲ್ಲಿ ತೀರಿಕೊಂಡ ಆ ಬಾದಶಹನ ಗೋರಿಯೂ ಖುಲ್ತಾಬಾದಿನಲ್ಲಿ, ಸೂಫಿ ಜೈನುದ್ದೀನ್ ಶಿರಾಜಿಯವರ ದರ್ಗಾದ ಆವರಣದಲ್ಲೇ ಇದೆ.

ಸೂಫಿಗಳಿಗೆ ಮೊಳದ ಲೆಕ್ಕ ಬೇಕಿರಲಿಲ್ಲ. ಅವರ ಕಾವ್ಯದಲ್ಲಿ ಹನಿ ಕಡಲಿಗೆ ಬಿದ್ದು ಕಡಲೇ ಆಗುತ್ತದೆ. ಉಪನಿಷತ್ತಿನ ನದಿಗಳೂ ಹೀಗೆಯೇ ಹೆಸರು ಕಳೆದುಕೊಳ್ಳುತ್ತವೆ. 1337ರಲ್ಲಿ ತೀರಿಕೊಂಡ ಬುರ್ಹಾನುದ್ದೀನ್ ಗರೀಬರೂ, ಕಲಬುರಗಿಯ ಬಂದೇ ನವಾಜರ ತಂದೆಯೂ ಮಲಗಿರುವ ಊರಿದು.

ಹತ್ತಿರದ ದೌಲತಾಬಾದಿನ ಕೋಟೆಯಲ್ಲಿ ಜನಾರ್ದನ ಸ್ವಾಮಿಗಳ ಬಳಿ ಕಲಿತವರು 16ನೇ ಶತಮಾನದ ಪೈಠಣದ ಸಂತ ಏಕನಾಥರು. ಅವರ ಬಗ್ಗೆ ಒಂದು ಕಥೆಯಿದೆ. ಕಾಶಿಯ ಗಂಗೆಯನ್ನು ಕಾವಡಿಯಲ್ಲಿ ಹೊತ್ತು, ಕಡಲ ತಡಿಯ ರಾಮೇಶ್ವರನಿಗೆ ಅಭಿಷೇಕ ಮಾಡಲು ಹೊರಟಿದ್ದಾಗ ದಾರಿಯ ಸುಡುಮರಳಿನಲ್ಲಿ ಬಾಯಾರಿ ಬಿದ್ದ ಕತ್ತೆಯೊಂದು ಕಂಡಿತು. ಏಕನಾಥರು ಆ ನೀರನ್ನು ಕತ್ತೆಯ ಬಾಯಿಗೆ ಹೊಯ್ದರು. ಜೊತೆಯವರು ತಿಂಗಳುಗಟ್ಟಲೆ ಹೊತ್ತದ್ದು ವ್ಯರ್ಥವಾಯಿತೆಂದು ಕಂಗಾಲಾದರು. ರಾಮೇಶ್ವರ ಇಲ್ಲಿಗೇ ಬಂದು ಸ್ವೀಕರಿಸಿದ ಎಂದರು ಏಕನಾಥರು.