ಗಡಿಯಾರ, ಗಡಿಯಾರ ಮಾಡಿದವನು ಮತ್ತು ಡೋವರ್ ಕೇಸು

ಬಯಲಿನಲ್ಲಿ ಒಂದು ಗಡಿಯಾರ ಬಿದ್ದಿದ್ದರೆ ಅದು ತಾನಾಗಿಯೇ ಹುಟ್ಟಿತು ಅಂತ ಯಾರೂ ಹೇಳುವುದಿಲ್ಲ, ಮಾಡಿದವನೊಬ್ಬ ಇದ್ದಾನೆ ಅಂತಲೇ ಹೇಳುತ್ತಾರೆ. ಹಾಗಾದರೆ ಅದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾದ ಕಣ್ಣನ್ನು ಮಾಡಿದವರು ಯಾರು? ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ತಮ್ಮ 'ನ್ಯಾಚುರಲ್ ಥಿಯಾಲಜಿ' ಪುಸ್ತಕದಲ್ಲಿ ಹೂಡಿದ ವಾದ ಇದು.

ನಮ್ಮವರಿಗೆ ಇದು ಹೊಸದಲ್ಲ ಬಿಡಿ. ಸುಮಾರು ಸಾವಿರ ವರ್ಷದ ಹಿಂದೆ ಉದಯನಾಚಾರ್ಯರು 'ನ್ಯಾಯಕುಸುಮಾಂಜಲಿ'ಯಲ್ಲಿ ಇದೇ ಜಾಡು ಹಿಡಿದಿದ್ದರು. ಮಡಕೆಗೆ ಕುಂಬಾರ ಇರುವಂತೆ ಜಗತ್ತಿಗೂ ಒಬ್ಬ ಕರ್ತ ಇರಲೇಬೇಕು ಅಂತ. ತಮಾಷೆ ಏನೆಂದರೆ, ಈ ಸೃಷ್ಟಿಕರ್ತನನ್ನು ಒಪ್ಪದವರಲ್ಲಿ ವೇದವೇ ಪ್ರಮಾಣ ಎನ್ನುವ ಮೀಮಾಂಸಕರೂ ಇದ್ದರು!

ಪೇಲಿಯ ಪುಸ್ತಕವನ್ನು ಮೆಚ್ಚಿ ಓದಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬರು. 1859ರಲ್ಲಿ ಅವರೇ ಬೇರೆ ಉತ್ತರ ಕೊಟ್ಟರು. ಒಂದೇ ಜಾತಿಯ ಜೀವಿಗಳಲ್ಲೂ ಸಣ್ಣ ಪುಟ್ಟ ವ್ಯತ್ಯಾಸ ಇರುತ್ತದೆ, ಬದುಕಲು ಅನುಕೂಲವಾದದ್ದು ಮುಂದಿನ ತಲೆಮಾರಿಗೆ ಹೆಚ್ಚು ಇಳಿಯುತ್ತದೆ, ಲಕ್ಷಾಂತರ ವರ್ಷಗಳಲ್ಲಿ ಅದೇ ಕೂಡಿ ಕೂಡಿ ದೊಡ್ಡ ಬದಲಾವಣೆ ಆಗುತ್ತದೆ. ನಕ್ಷೆ ಹಾಕಿಟ್ಟವರು ಬೇಕಿಲ್ಲ.

ಈ ಜಗಳ ಕೋರ್ಟಿನ ಮೆಟ್ಟಿಲು ಹತ್ತಿದ್ದು ಅಮೆರಿಕದಲ್ಲಿ. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್ ಊರಿನಲ್ಲಿ, ಮನುಷ್ಯನ ವಿಕಾಸದ ಬಗ್ಗೆ ಪಾಠ ಹೇಳಿದ್ದಕ್ಕೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟರಿಗೆ 100 ಡಾಲರ್ ದಂಡ ಬಿತ್ತು. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ನಿಷೇಧವನ್ನು ತಳ್ಳಿಹಾಕಿತು. 'ಸರಿ, ಡಾರ್ವಿನ್ ಜೊತೆಗೆ ಸೃಷ್ಟಿವಾದವನ್ನೂ ಕಲಿಸಿ' ಅಂತ ಲೂಸಿಯಾನ ರಾಜ್ಯ ಕಾನೂನು ಮಾಡಿತು. 1987ರಲ್ಲಿ ಅದೂ ಬಿದ್ದುಹೋಯಿತು. ಆಮೇಲೆ ಶಾಲೆಯ ಬಾಗಿಲಿಗೆ ಹೊಸ ಹೆಸರೊಂದು ಬಂತು: 'ಇಂಟೆಲಿಜೆಂಟ್ ಡಿಸೈನ್'. ದೇವರು ಅನ್ನುವ ಮಾತೇ ಇಲ್ಲ, 'ಬುದ್ಧಿವಂತ ವಿನ್ಯಾಸಕ' ಅಷ್ಟೇ.

2004ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿ ಒಂದು ನಿರ್ಣಯ ಮಾಡಿತು. ಅದರ ಫಲವಾಗಿ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಹೇಳಿಕೆ ಓದಿ ಹೇಳಬೇಕಾಯಿತು. ಡಾರ್ವಿನ್ ಸಿದ್ಧಾಂತದಲ್ಲಿ ಕೊರತೆಗಳಿವೆ, ಬೇರೆ ವಿವರಣೆ ಬೇಕಾದರೆ 'ಆಫ್ ಪಾಂಡಾಸ್ ಅಂಡ್ ಪೀಪಲ್' ಎಂಬ ಪುಸ್ತಕ ಇದೆ, ನೋಡಿ ಅಂತ. ವಿಜ್ಞಾನದ ಮೇಷ್ಟ್ರುಗಳು ಓದಲು ಒಪ್ಪಲಿಲ್ಲ, ಆಡಳಿತದವರೇ ಬಂದು ಓದಿದರು. ಹನ್ನೊಂದು ಮಂದಿ ಪೋಷಕರು ಕೇಸು ಹಾಕಿದರು.

ಮಂಡಳಿಯ ಪರ ಸಾಕ್ಷಿ ಪ್ರೊಫೆಸರ್ ಮೈಕೆಲ್ ಬೀಹಿ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಯಂತ್ರ ಇದೆಯಲ್ಲ, ಅದರ ಒಂದು ಬಿಡಿಭಾಗ ತೆಗೆದರೂ ಅದು ಕೆಲಸ ಮಾಡದು, ಆದ್ದರಿಂದ ಹಂತ ಹಂತವಾಗಿ ಹುಟ್ಟಿರಲಾರದು ಅಂತ ಅವರ ವಾದ. ಎದುರಿಗೆ ಕೆನೆತ್ ಮಿಲ್ಲರ್ ತೋರಿಸಿದರು: ಆ ಭಾಗಗಳಲ್ಲಿ ಕೆಲವಷ್ಟನ್ನೇ ಹೋಲುವ ಸಣ್ಣ ಯಂತ್ರವೊಂದು ಪ್ಲೇಗಿನ ಬ್ಯಾಕ್ಟೀರಿಯಾದಲ್ಲಿದೆ, ವಿಷ ಚುಚ್ಚಲು. ಅಂದರೆ ಅರ್ಧ ಯಂತ್ರಕ್ಕೂ ಉಪಯೋಗ ಇದೆ, ಕೆಲಸ ಬೇರೆ ಅಷ್ಟೇ. ಈ ಮಿಲ್ಲರ್ ನಾಸ್ತಿಕರಲ್ಲ, ಶ್ರದ್ಧಾವಂತ ಕ್ಯಾಥೊಲಿಕ್!

ಬ್ಯಾಂಕಿನವನಾದ ನನಗೆ ಬಹಳ ಹಿಡಿಸಿದ್ದು ಕಾಗದಪತ್ರಗಳ ಕಥೆ. 'ಪಾಂಡಾಸ್' ಪುಸ್ತಕದ ಹಳೆಯ ಕರಡುಗಳನ್ನು ಕೋರ್ಟಿಗೆ ತರಿಸಿ ಬಾರ್ಬರಾ ಫಾರೆಸ್ಟ್ ಒಂದಕ್ಕೊಂದು ತಾಳೆ ನೋಡಿದರು. 1987ರ ತೀರ್ಪಿನ ಮುಂಚಿನ ಕರಡಿನಲ್ಲಿ 'ಸೃಷ್ಟಿ' ಇದ್ದ ಕಡೆಯೆಲ್ಲ ಆಮೇಲಿನದರಲ್ಲಿ 'ವಿನ್ಯಾಸ'. ವಾಕ್ಯ ಅದೇ, ಪದ ಮಾತ್ರ ಬೇರೆ. ಒಂದು ಕಡೆ 'ಕ್ರಿಯೇಷನಿಸ್ಟ್ಸ್' ಅಳಿಸಿ 'ಡಿಸೈನ್ ಪ್ರೊಪೊನೆಂಟ್ಸ್' ಸೇರಿಸುವ ಅವಸರದಲ್ಲಿ 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' ಅಂತ ಉಳಿದುಬಿಟ್ಟಿತ್ತು! ಲೆಡ್ಜರಿನಲ್ಲಿ ತಿದ್ದಿದ ಅಂಕಿಯ ಕೆಳಗೆ ಹಳೆಯ ಅಂಕಿ ಕಾಣುವುದಿಲ್ಲವೇ, ಹಾಗೆ. ಪುಸ್ತಕದ 60 ಪ್ರತಿಗಳನ್ನು ದಾನ ಕೊಟ್ಟವರು ಯಾರು ಅಂತ ಕೇಳಿದಾಗ ಗೊತ್ತಿಲ್ಲ ಎಂದಿದ್ದ ಸದಸ್ಯರೇ ಚರ್ಚಿನಲ್ಲಿ ಹಣ ಕೂಡಿಸಿ 850 ಡಾಲರಿಗೆ ಚೆಕ್ಕು ಬರೆದಿದ್ದೂ ಹೊರಬಿತ್ತು. ಚೆಕ್ಕು ಸುಳ್ಳು ಹೇಳುವುದಿಲ್ಲ ನೋಡಿ.

2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಬುಷ್. ವಿನ್ಯಾಸವಾದ ನಿಜವೋ ಸುಳ್ಳೋ ಅದರ ಬಗ್ಗೆ ತಾವು ಏನೂ ಹೇಳುವುದಿಲ್ಲ, ಆದರೆ ಅದು ವಿಜ್ಞಾನವಲ್ಲ ಅಂದರು. ಅಷ್ಟರಲ್ಲಿ, ನವೆಂಬರಿನ ಚುನಾವಣೆಯಲ್ಲಿ, ಆ ನೀತಿಯ ಪರವಾಗಿ ನಿಂತ ಎಂಟೂ ಸದಸ್ಯರನ್ನು ಊರವರೇ ಮನೆಗೆ ಕಳಿಸಿದ್ದರು. ಹೊಸ ಮಂಡಳಿ ಅಪೀಲು ಹೋಗಲಿಲ್ಲ. ವಕೀಲರ ಖರ್ಚು ಅಂತ ಸುಮಾರು 10 ಲಕ್ಷ ಡಾಲರ್ ಶಾಲೆಯ ತಲೆಗೇ ಬಂತು.

ವಿಜ್ಞಾನ ದೇವರಿಲ್ಲ ಎನ್ನುತ್ತದೆಯೇ? ಅದು ನನಗೆ ಹಾಗೆ ಕಾಣುವುದಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಆ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ವೋಚರ್ ಹುಡುಕುತ್ತೇವೆ. 'ದೇವರ ಇಚ್ಛೆ' ಅಂತ ಬರೆದು ಪುಸ್ತಕ ಮುಚ್ಚುವುದಿಲ್ಲ. ಹಾಗಂತ ಹುಡುಕುವ ಗುಮಾಸ್ತ ನಾಸ್ತಿಕನೂ ಅಲ್ಲ. ಗ್ರಹಗಳ ಚಲನೆಯ ಏರುಪೇರನ್ನು ಕೊನೆಗೆ ದೇವರೇ ಸರಿಪಡಿಸಬೇಕಾದೀತು ಅಂತ ನ್ಯೂಟನ್ ನಂಬಿದ್ದರು. ಗುರು-ಶನಿ ಗ್ರಹಗಳ ಏರುಪೇರಿನ ಲೆಕ್ಕವನ್ನು ಲಾಪ್ಲಾಸ್ 1780ರ ದಶಕದಲ್ಲಿ ನ್ಯೂಟನ್ನರ ಗುರುತ್ವದಿಂದಲೇ ಬಿಡಿಸಿದರು. ಹುಡುಕಾಟ ನಿಂತಿದ್ದರೆ ಇದು ಸಿಗುತ್ತಿತ್ತೇ?

ಇದು ಅಮೆರಿಕದವರ ತಲೆನೋವು ಅಂತ ಸುಮ್ಮನಿರುವ ಹಾಗಿಲ್ಲ. 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ತಪ್ಪು, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠವನ್ನು ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಟ್ಟಾಗ ಸಾವಿರಾರು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಮುಂಬೈ, ದೆಹಲಿಗಳಲ್ಲಿ ಸಿಬಿಎಸ್‌ಇ ಓದುವ ನಮ್ಮ ಮಕ್ಕಳು, ಮೊಮ್ಮಕ್ಕಳು ಎಷ್ಟು ಮಂದಿ! ಹತ್ತನೆಯದಾದ ಮೇಲೆ ಕಾಮರ್ಸಿಗೆ ಹೋಗುವ ಮಗುವಿಗೆ ಜೀವಶಾಸ್ತ್ರದ ಪಾಠ ಅಲ್ಲಿಗೇ ಮುಗಿಯುತ್ತದೆ. ಬಿಕಾಂ ಓದಿದ ನನಗೆ ಆ ನಷ್ಟ ಎಷ್ಟು ದೊಡ್ಡದು ಅಂತ ಚೆನ್ನಾಗಿ ಗೊತ್ತು.

ದೇವರ ಮನೆಯಲ್ಲಿ ದೀಪ ಹಚ್ಚಿ ಬಂದು ಮಗುವಿಗೆ ಡಾರ್ವಿನ್ ಪಾಠ ಹೇಳಿಕೊಡಲು ಯಾವ ಅಡ್ಡಿಯೂ ಇಲ್ಲ. ಒಂದರ ಪುಸ್ತಕದಲ್ಲಿ ಇನ್ನೊಂದರ ಲೆಕ್ಕ ಬರೆಯದಿದ್ದರಾಯಿತು. ನೀವೇನಂತೀರಿ?